ಲೆಕ್ಕದ ಮೇಲೊಂದು ಕಣ್ಣು, ಬೆರಳಿನ ಮೇಲೊಂದು ಕಣ್ಣು

ಹಲಸೂರು ಕೆರೆಯಿಂದ ಕೂಗಳತೆ ದೂರದಲ್ಲಿ ನನ್ನ ಗೆಳೆಯರೊಬ್ಬರ ಲೆಕ್ಕಪತ್ರದ ಆಫೀಸಿದೆ. ಒಂದೇ ಹಜಾರ, ಒಂಬತ್ತು ಸಿಸ್ಟಮ್, ಮೂಲೆಯಲ್ಲಿ ಓನರ್ ಮೇಜು. ಕೂತಲ್ಲಿಂದಲೇ ಕತ್ತು ಹೊರಳಿಸಿದರೆ ಎಲ್ಲರ ಸ್ಕ್ರೀನೂ ಕಾಣುತ್ತದೆ. ಆದರೂ ವರ್ಷದ ಚಂದಾ ಕಟ್ಟಿ ನಿಗಾ ಸಾಫ್ಟ್‌ವೇರ್ ಹಾಕಿಸಿದ್ದಾರೆ. "ಅರ್ಧ ಜನ ಕೆ.ಆರ್. ಪುರದ ಕಡೆಯಿಂದ ಬರೋರು. ಮಳೆ ಬಂದ್ರೆ ಮನೆಯಿಂದಲೇ ಕೆಲಸ ಅಂತಾರೆ. ಎಂಟ್ರಿ ಹಾಕ್ತಾರೋ ಸೀರಿಯಲ್ ನೋಡ್ತಾರೋ ಯಾರಿಗೆ ಗೊತ್ತು ಸಾರ್?" ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲ ಅಂತಲ್ಲ.

ಆದರೆ ಈ ಸಾಫ್ಟ್‌ವೇರ್ ಅಳೆಯುವುದೇನನ್ನು? ಹಬ್‌ಸ್ಟಾಫ್ ಥರದವು ಹತ್ತು ಹತ್ತು ನಿಮಿಷದ ತುಂಡು ಮಾಡಿಕೊಂಡು, ಅದರಲ್ಲಿ ಎಷ್ಟು ಸೆಕೆಂಡು ಕೀಬೋರ್ಡೋ ಮೌಸೋ ಅಲುಗಿತೆಂದು ಶೇಕಡಾ ಕೊಡುತ್ತವೆ. ನಡುನಡುವೆ ಸ್ಕ್ರೀನ್‌ಶಾಟ್ ತೆಗೆದಿಡುತ್ತವೆ. ಲೆಕ್ಕದ ಆಫೀಸಿನ ಕೆಲಸ ಬಲ್ಲವರಿಗೆ ಇದು ನಗೆಪಾಟಲು. ಜಿಎಸ್‌ಟಿ 3ಬಿ ಸಲ್ಲಿಸಬೇಕಾದ 20ನೇ ತಾರೀಖು ಹತ್ತಿರವಾದಂತೆ ಅಲ್ಲಿನ ಹಿರಿಯ ಮೇಡಂ ಬಿಲ್ಲಿನ ಕಟ್ಟು ಬಿಚ್ಚಿ, ಪೆನ್ಸಿಲ್ ಹಿಡಿದು, ಶಿವಾಜಿನಗರದ ಅಂಗಡಿಯವರಿಗೆ ಮೇಲಿಂದ ಮೇಲೆ ಫೋನ್ ಮಾಡಿ, ಬಿಟ್ಟುಹೋದ ಬಿಲ್ಲು ಹುಡುಕುತ್ತಾರೆ. ಅಷ್ಟು ಹೊತ್ತೂ ಸಾಫ್ಟ್‌ವೇರಿನ ಲೆಕ್ಕದಲ್ಲಿ ಅವರು ಸುಮ್ಮನೆ ಕೂತವರು. ಪಕ್ಕದ ಹುಡುಗ ಒಂದೇ ವೋಚರನ್ನು ಮೂರು ಸಲ ತಪ್ಪು ಹೊಡೆದು, ಅಳಿಸಿ, ಮತ್ತೆ ಹೊಡೆಯುತ್ತಾನೆ. ತಿಂಗಳ ವರದಿಯಲ್ಲಿ ಅವನೇ ಮೇಲು!

ಅಳತೆ ಬೆರಳಿನದಾದರೆ ಜನ ಬೆರಳಾಡಿಸುವುದನ್ನೇ ಕಲಿಯುತ್ತಾರೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು 2024ರಲ್ಲಿ, ಕೀಬೋರ್ಡ್ ಒತ್ತಿದಂತೆ ನಟಿಸಿದರೆಂದು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿತು. ಅಷ್ಟು ದೊಡ್ಡ ಬ್ಯಾಂಕಿಗೇ ಈ ಗತಿ.

ಕಾನೂನು ಇಲ್ಲಿ ನೌಕರರ ಕೈ ಹಿಡಿಯುವುದು ಕಡಿಮೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಬೆಂಗಳೂರಿಗೆ ಹೆಮ್ಮೆಯ ಸಂಗತಿಯೇ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕೆ ಅಥವಾ ಮಾಲೀಕರನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರರ ಒಪ್ಪಿಗೆ ಬೇಕಿಲ್ಲ ಎನ್ನುತ್ತದೆ. ಒಪ್ಪಿಗೆಯ ಜೊತೆ ಕೊಡಬೇಕಾದ ನೋಟಿಸಿನ ಕಟ್ಟುಪಾಡೂ ಅಲ್ಲಿಗೆ ಕಳಚಿತು. ಅದೇ 2017ರ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ರೊಮೇನಿಯಾದ ಬಾರ್ಬುಲೆಸ್ಕು ಪ್ರಕರಣದಲ್ಲಿ ಎತ್ತಿದ ಪ್ರಶ್ನೆಗಳು ಸರಳ: ಮೊದಲೇ ಹೇಳಿದ್ದಿರಾ, ಎಷ್ಟು ನೋಡಿದಿರಿ, ಯಾಕೆ ನೋಡಿದಿರಿ? ಇಷ್ಟನ್ನು ಕೇಳಿಕೊಳ್ಳಲು ಹಲಸೂರಿನ ಓನರಿಗೆ ವಕೀಲರು ಬೇಕಿಲ್ಲ.

ನಿಗಾ ಎಂದರೆ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಂಪನಿಯಾಗಿ ನೋಂದಾಯಿಸಿಕೊಂಡ ಯಾವುದೇ ವ್ಯವಹಾರ 2023ರ ಏಪ್ರಿಲ್ 1ರಿಂದ, ಎಂಟ್ರಿ ತಿದ್ದಿದ ಜಾಡು ಉಳಿಸುವ ಲೆಕ್ಕದ ಸಾಫ್ಟ್‌ವೇರನ್ನೇ ಬಳಸಬೇಕು. ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಇದಕ್ಕೆ ಎಡಿಟ್ ಲಾಗ್ ಎನ್ನುತ್ತಾರೆ. ಯಾವ ಲಾಗಿನ್ನಿನಿಂದ ಯಾವ ವೋಚರ್ ಎಂದು ಬದಲಾಯಿತು, ಮೊದಲು ಏನಿತ್ತು, ಈಗೇನಿದೆ, ಎಲ್ಲವೂ ಅಲ್ಲಿರುತ್ತದೆ. ಅದೂ ನಿಗಾವೇ. ಆದರೆ ಅದರ ಕಣ್ಣು ಲೆಕ್ಕದ ಮೇಲೆ. ಆ ಹುಡುಗ ಮೂರು ಸಲ ತಿದ್ದಿದ್ದು ಅಲ್ಲಿ ದುಡಿಮೆಯಾಗಿ ಅಲ್ಲ, ತಿದ್ದುಪಡಿಯಾಗಿಯೇ ಕಾಣುತ್ತದೆ.

ಗ್ರಾಹಕರ ಪಾನ್, ಪೋರ್ಟಲ್ ಪಾಸ್‌ವರ್ಡ್ ಹೊರಗೆ ಹೋದೀತೆಂಬ ಗೆಳೆಯರ ಭಯವೂ ನಿಜವಾದದ್ದೇ. ಅದಕ್ಕೆ ಪೆನ್‌ಡ್ರೈವ್ ಪೋರ್ಟ್ ಮುಚ್ಚಿಸಲಿ, ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಲಿ. ಸ್ಕ್ರೀನ್‌ಶಾಟ್ ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ: ಅದೇ ಪಾನ್, ಅದೇ ಬ್ಯಾಂಕ್ ಸ್ಟೇಟ್‌ಮೆಂಟು, ಜೊತೆಗೆ ಮೇಡಂ ತೆರೆದ ಮಗಳ ಸ್ಕೂಲ್ ಫೀಸಿನ ಪುಟ, ಎಲ್ಲ ಫೋಟೊ ಆಗಿ ಯಾರದೋ ಸರ್ವರಿನಲ್ಲಿ ಕೂರುತ್ತಿವೆ.

ಇದನ್ನು ಗೆಳೆಯರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೇಡಂ ಪರ್ಸೆಂಟೇಜ್ ನಾನು ನೋಡೋದೇ ಇಲ್ಲ ಬಿಡಿ, ಅವರ ಕೆಲಸ ನನಗೆ ಗೊತ್ತು" ಎಂದರು. ಹಾಗಾದರೆ ತೆಗೆಸಿಬಿಡಿ ಎಂದದ್ದಕ್ಕೆ, ಮಾರ್ಚ್‌ವರೆಗೆ ದುಡ್ಡು ಕಟ್ಟಿಯಾಗಿದೆಯಂತೆ.