ಗೆರೆಯ ಹೊರಗೂ ಆಡಿದಾಕೆ

ದೊಡ್ಡ ಆಟಗಾರರು ದೊಡ್ಡ ಕೋಚ್ ಆಗುವುದಿಲ್ಲ ಎಂಬ ಮಾತು ಕ್ರೀಡಾಪುಟಗಳಲ್ಲಿ ಸವೆದು ಹೋಗಿದೆ. ಡೆನ್ಮಾರ್ಕಿನ ಆನ್ಯಾ ಆಂಡರ್ಸನ್ ಮುಂದೆ ಅದು ನಿಲ್ಲುವುದಿಲ್ಲ. ಸ್ಲಾಗೆಲ್ಸೆ ಎಂಬ ಸಾಧಾರಣ ಊರಿನ ಮಹಿಳಾ ಹ್ಯಾಂಡ್‌ಬಾಲ್ ತಂಡಕ್ಕೆ ಆಕೆ 2004, 2005 ಮತ್ತು 2007ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. ಹಾಗಾಗಿ ಗೆಲುವಿನ ಲೆಕ್ಕ ಬೇಗ ಮುಗಿಯುತ್ತದೆ. ಉಳಿಯುವುದು ಬೇರೆಯೇ ಕುತೂಹಲ: ತಾನು ಆಟಗಾರ್ತಿ ಎಂಬುದನ್ನು ಆನ್ಯಾ ಕೋಚ್ ಆದ ಮೇಲೆ ಮರೆತರೇ?

1969ರಲ್ಲಿ ಒಡೆನ್ಸೆಯಲ್ಲಿ ಹುಟ್ಟಿದ ಆನ್ಯಾ ಪ್ಲೇಮೇಕರ್. ಎದುರಾಳಿಯ ಆರು ಮೀಟರ್ ಗೆರೆಯ ಮುಂದೆ ರಕ್ಷಣೆಯವರು ಗೋಡೆ ಕಟ್ಟಿ ನಿಂತಾಗ, ಚೆಂಡು ಯಾರಿಗೆ, ಯಾವಾಗ ಹೋಗಬೇಕೆಂದು ತೀರ್ಮಾನಿಸುವ ಜಾಗ ಅದು. ಚೆಂಡು ಹಿಡಿದು ಮೂರು ಹೆಜ್ಜೆ ಅಥವಾ ಮೂರು ಸೆಕೆಂಡು, ಅಷ್ಟರಲ್ಲಿ ಏನಾದರೂ ಮಾಡಲೇಬೇಕು. ಬಹುಪಾಲು ಆಟಗಾರರು ಆ ಮೂರು ಸೆಕೆಂಡಿನಲ್ಲಿ ಅಭ್ಯಾಸ ಮಾಡಿಕೊಂಡದ್ದನ್ನು ಮಾಡುತ್ತಾರೆ. ಆನ್ಯಾ ಒಂದು ಕಡೆ ನೋಡಿ ಇನ್ನೊಂದು ಕಡೆ ಪಾಸ್ ಕೊಡುತ್ತಿದ್ದರು, ಬೆನ್ನ ಹಿಂದಿನಿಂದ ಚೆಂಡು ದಾಟಿಸುತ್ತಿದ್ದರು, ಅದೇ ಬಿಸಿಯಲ್ಲಿ ರೆಫರಿಯ ಜೊತೆ ಜಗಳಕ್ಕೂ ನಿಲ್ಲುತ್ತಿದ್ದರು. ಇದನ್ನು ಬರೀ ಚಮತ್ಕಾರ ಎಂದವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಕಾವಲಿನವಳ ಕಣ್ಣು ಅರೆಕ್ಷಣ ತಪ್ಪು ದಿಕ್ಕಿಗೆ ಹೋದರೆ ಸಾಕು, ಗೋಡೆಯಲ್ಲಿ ಬಿರುಕು ಬೀಳುತ್ತದೆ. ಚಂದಕ್ಕೆ ಮಾಡಿದಂತೆ ಕಾಣುವುದಕ್ಕೂ ಅಲ್ಲಿ ಕೆಲಸವಿತ್ತು.

ಆನ್ಯಾ ಆಡುತ್ತಿದ್ದ, ಉಲ್ರಿಕ್ ವಿಲ್ಬೆಕ್ ಕೋಚ್ ಆಗಿದ್ದ ಡೆನ್ಮಾರ್ಕ್ ಮಹಿಳಾ ತಂಡ 1994 ಮತ್ತು 1996ರಲ್ಲಿ ಯುರೋಪ್ ಚಾಂಪಿಯನ್, 1997ರಲ್ಲಿ ವಿಶ್ವ ಚಾಂಪಿಯನ್. ನಡುವೆ ಅಟ್ಲಾಂಟಾ ಒಲಿಂಪಿಕ್ಸ್ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯವರೆಗೆ ಹೋಗಿ ದಕ್ಷಿಣ ಕೊರಿಯಾವನ್ನು 37-33ರಿಂದ ಸೋಲಿಸಿತು. 1997ರ ವಿಶ್ವದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಆನ್ಯಾಗೆ ಬಂತು. ಎರಡೇ ವರ್ಷದಲ್ಲಿ, ಹೃದಯದ ತೊಂದರೆಯಿಂದ, ಆಟ ನಿಂತಿತು. ಮೂವತ್ತರ ವಯಸ್ಸು. ಆಡಿ ತಣಿದು ಬಿಟ್ಟದ್ದಲ್ಲ, ಬಿಡಬೇಕಾಗಿ ಬಂದದ್ದು. ಮುಂದಿನದನ್ನು ಓದುವಾಗ ಇದು ನೆನಪಿರಬೇಕು.

ಹ್ಯಾಂಡ್‌ಬಾಲ್‌ನಲ್ಲಿ ಆಗ ಕೋಚ್‌ಗೆ ಒಂದು ಅರ್ಧಕ್ಕೆ ಒಂದೇ ಟೈಮ್ ಔಟ್. ಹಸಿರು ಕಾರ್ಡನ್ನು ಮೇಜಿನ ಮೇಲಿಟ್ಟರೆ ಒಂದು ನಿಮಿಷ ಸಿಗುತ್ತದೆ. ಉಳಿದ ಹೊತ್ತು ಗೆರೆಯ ಹೊರಗೆ ನಿಂತು ಕೂಗಬಹುದು, ಅಷ್ಟೆ. ಮೂರು ಸೆಕೆಂಡಿನಲ್ಲಿ ಪಂದ್ಯ ತಿರುಗಿಸಿದ ಕೈಗಳಿಗೆ ಇದು ಶಿಕ್ಷೆಯಂತೆಯೇ ಇದ್ದಿರಬೇಕು. ಸ್ಲಾಗೆಲ್ಸೆಯಲ್ಲಿ ಆನ್ಯಾ ಕಂಡುಕೊಂಡ ದಾರಿ ಸರಳ: ತನ್ನಂತೆ ಯೋಚಿಸಬಲ್ಲವರನ್ನು ಕೂಡಿಸಿ, ತಪ್ಪು ಮಾಡುವ ಸ್ವಾತಂತ್ರ್ಯವನ್ನು ಅವರಿಗೆ ಬಿಟ್ಟುಕೊಟ್ಟರು. ಮಾಂಟೆನೆಗ್ರೋದ ಬೊಯಾನಾ ಪೊಪೊವಿಚ್ ಅವರ ಆಟದಲ್ಲಿ ಅದು ಎದ್ದು ಕಾಣುತ್ತಿತ್ತು. ಗೋಲಿನಲ್ಲಿ ನಾರ್ವೆಯ ಸೆಸಿಲಿ ಲೆಗಾಂಗರ್ ನಿಂತ ಮೇಲಂತೂ ಮುಂದಿನವರ ಧೈರ್ಯಕ್ಕೆ ಹಿಂದೆ ಭದ್ರ ಆಸರೆಯೂ ಆಯಿತು.

ನನ್ನ ತಕರಾರು ಇರುವುದು ಇನ್ನೊಂದು ಕಡೆ. ಡೆನ್ಮಾರ್ಕ್ ಲೀಗಿನ ಒಂದು ಪಂದ್ಯದಲ್ಲಿ ರೆಫರಿಗಳ ತೀರ್ಪಿಗೆ ಸಿಟ್ಟಾಗಿ ಆನ್ಯಾ ಇಡೀ ತಂಡವನ್ನೇ ಅಂಗಳದಿಂದ ಹೊರಗೆ ಕರೆದುಕೊಂಡು ಹೋದರು. ಆಟಗಾರ್ತಿ ರೇಗಿದರೆ ಎರಡು ನಿಮಿಷ ಬೆಂಚಿನಲ್ಲಿ ಕೂರುತ್ತಾಳೆ, ಉಳಿದವರು ಆಡುತ್ತಾರೆ. ಕೋಚ್ ರೇಗಿದರೆ ಆಟವೇ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಆನ್ಯಾ ಒಪ್ಪಿಕೊಂಡಂತೆ ಕಾಣುವುದಿಲ್ಲ. ಪ್ರತಿಭೆ, ಮುಂಗೋಪ ಎರಡೂ ಒಂದೇ ಬುಟ್ಟಿಯಲ್ಲಿ ಬರುತ್ತವೆ ಎಂದು ಅಭಿಮಾನಿಗಳು ಸಮಜಾಯಿಷಿ ಕೊಡುತ್ತಾರೆ. ಅಂಗಳದೊಳಗೆ ಅದು ಒಪ್ಪತಕ್ಕ ಮಾತು, ಹೊರಗೆ ಅಲ್ಲ. ಹತ್ತಾರು ಜನರ ದುಡಿಮೆ ಆ ಸಿಟ್ಟಿಗೆ ಒತ್ತೆ ಬೀಳುತ್ತದೆ.

ಹೋಲಿಸಲು ಡೆನ್ಮಾರ್ಕಿನಲ್ಲೇ ನಿಕೊಲಾಯ್ ಯಾಕೊಬ್ಸನ್ ಇದ್ದಾರೆ. ಜರ್ಮನಿಯ ಕೀಲ್ ತಂಡದ ಎಡ ವಿಂಗ್ ಆಗಿದ್ದವರು. ಕೋಚ್ ಆಗಿ ರೈನ್-ನೆಕ್ಕಾರ್ ಲೋವನ್ ತಂಡಕ್ಕೆ 2016, 2017ರಲ್ಲಿ ಜರ್ಮನ್ ಲೀಗ್ ಗೆದ್ದುಕೊಟ್ಟರು. ಆಮೇಲೆ ಡೆನ್ಮಾರ್ಕ್ ಪುರುಷರ ತಂಡಕ್ಕೆ 2019ರಿಂದ 2025ರವರೆಗೆ ಸತತ ನಾಲ್ಕು ವಿಶ್ವಕಪ್, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ವಿರುದ್ಧ 39-26ರಿಂದ ಚಿನ್ನ. ಅವರೇನು ತಣ್ಣಗಿನ ಮನುಷ್ಯರಲ್ಲ. ಆದರೆ ಮಿಕೆಲ್ ಹ್ಯಾನ್ಸನ್ ಅವರಿಂದ ಮಥಿಯಾಸ್ ಗಿಡ್ಸೆಲ್‌ವರೆಗೆ ನಾಯಕಪಾತ್ರ ದಾಟಿದಾಗಲೂ ತಂಡದ ಲಯ ಕೆಡಲಿಲ್ಲ. ವಿಂಗ್ ಆಟಗಾರನಿಗೆ ಚೆಂಡಿಗಾಗಿ ಕಾಯುವುದು ಚಿಕ್ಕಂದಿನಿಂದಲೇ ರೂಢಿ. ಪ್ಲೇಮೇಕರ್‌ಗೆ ಆ ಪಾಠ ಸಿಗುವುದಿಲ್ಲವೇನೋ!

2007ರ ನಂತರ ಸ್ಲಾಗೆಲ್ಸೆ ಆ ಎತ್ತರಕ್ಕೆ ಮತ್ತೆ ಏರಲಿಲ್ಲ. ಆನ್ಯಾ ಕಟ್ಟಿದ್ದು ತಂಡವನ್ನು, ಪದ್ಧತಿಯನ್ನಲ್ಲ ಎಂದು ಇದರಿಂದ ತೀರ್ಪು ಕೊಡಬಹುದು. ನಾನೂ ಬಹುಮಟ್ಟಿಗೆ ಆ ಕಡೆಯೇ. ಆದರೂ ಒಂದು ಸಂಗತಿ ಈ ತೀರ್ಪಿಗೆ ಅಡ್ಡ ನಿಲ್ಲುತ್ತದೆ. ಪೊಪೊವಿಚ್ ಮುಂದೆ ತಮ್ಮ ದೇಶದ ಮಹಿಳಾ ತಂಡದ ಕೋಚ್ ಆದರು, 2022ರ ಯುರೋಪ್ ಚಾಂಪಿಯನ್‌ಷಿಪ್‌ನಲ್ಲಿ ಆ ತಂಡ ಕಂಚು ಗೆದ್ದಿತು. ಅದರಲ್ಲಿ ಸ್ಲಾಗೆಲ್ಸೆಯ ಪಾಲು ಎಷ್ಟೆಂದು ಅಳೆಯುವುದು ಕಷ್ಟ, ಆದರೆ ಆನ್ಯಾ ಅವರ ಕೋಚಿಂಗನ್ನು ತೂಗುವಾಗ ಮೂರು ಟ್ರೋಫಿಗಳ ಜೊತೆ ಆ ಕಂಚನ್ನೂ ತಕ್ಕಡಿಗೆ ಹಾಕಬೇಕು.