ಒಸ್ತಿಯಾದ ಕಿಟಕಿ: ಸಂತ ಆಗಸ್ಟೀನ್ ಮತ್ತು ಗ್ರೀಕ್ ದರ್ಶನ

ಕೆಥೊಲಿಕ್ ಚಿಂತನೆಗೆ ಗ್ರೀಕ್ ದರ್ಶನ ಏನು ಕೊಟ್ಟಿತೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ತತ್ತ್ವಗಳ ಒಂದು ಪಟ್ಟಿ. ಪಡೆದವನು ಅದನ್ನು ಹೇಗೆ ಬಾಳಿದ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸಂತ ಆಗಸ್ಟೀನನ (354–430) 'ಕನ್ಫೆಷನ್ಸ್' ಕೃತಿಯನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ಬಾಲ್ಯದಲ್ಲಿ ಗ್ರೀಕ್ ಪಾಠವೆಂದರೆ ಹೇಸುತ್ತಿದ್ದ ಆಗಸ್ಟೀನನಿಗೆ ಪ್ಲೇಟೊ ಪಂಥದ ಗ್ರಂಥಗಳು ದಕ್ಕಿದ್ದು ವಿಕ್ಟೋರಿನಸ್ ಮಾಡಿದ ಲ್ಯಾಟಿನ್ ಅನುವಾದದಿಂದ. ದೇವರೂ ಒಂದು ದ್ರವ್ಯ, ಕೇಡೂ ಒಂದು ದ್ರವ್ಯ ಎಂದು ತೊಳಲುತ್ತಿದ್ದವನಿಗೆ ಅವು ದಾರಿ ತೋರಿದವು. ಕೇಡು ಸ್ವತಂತ್ರ ವಸ್ತುವಲ್ಲ, ಒಳಿತಿನ ಕೊರತೆ ಎಂಬ ತಿಳಿವಿಗೆ ಬಂದ. ಆದರೆ ಏಳನೆಯ ಭಾಗದಲ್ಲಿ ಅವನೇ ಲೆಕ್ಕ ಒಪ್ಪಿಸುತ್ತಾನೆ: ಆದಿಯಲ್ಲಿದ್ದ 'ವಾಕ್ಯ' ಆ ಗ್ರಂಥಗಳಲ್ಲಿ ಸಿಕ್ಕಿತು; ಆ ವಾಕ್ಯ ದೇಹ ಧರಿಸಿದ ಸುದ್ದಿ ಸಿಗಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಬರಿಯ ವಾದವಾಗುತ್ತಿತ್ತು. ಒಂಬತ್ತನೆಯ ಭಾಗದಲ್ಲಿ ಅದು ಅನುಭವವಾಗುತ್ತದೆ. 387ರಲ್ಲಿ, ಆಫ್ರಿಕಕ್ಕೆ ಮರಳುವ ಹಾದಿಯಲ್ಲಿ, ಒಸ್ತಿಯಾ ಎಂಬಲ್ಲಿ ತೋಟದತ್ತ ತೆರೆದ ಕಿಟಕಿಗೊರಗಿ ತಾಯಿ ಮಗ ಮಾತಾಡುತ್ತಾರೆ. ಮಾತು ದೇಹ, ಆಕಾಶ, ಮನಸ್ಸುಗಳನ್ನು ಒಂದೊಂದಾಗಿ ದಾಟಿ ಮೇಲೇರುತ್ತದೆ. ಮೆಟ್ಟಿಲುಗಳು ಪ್ಲೊಟೈನಸನವು. ಆದರೆ ಪ್ಲೊಟೈನಸನ ಸಾಧಕ ಒಬ್ಬಂಟಿ; ಇಲ್ಲಿ ಇಬ್ಬರಿದ್ದಾರೆ, ಅವರಲ್ಲಿ ಒಬ್ಬಾಕೆ ತತ್ತ್ವಗ್ರಂಥಗಳ ಗೊಡವೆಯಿಲ್ಲದ ತಾಯಿ. ಕೆಲವೇ ದಿನಗಳಲ್ಲಿ ಮೋನಿಕಾ ತೀರಿಕೊಂಡಾಗ ಆಗಸ್ಟೀನ್ ಅಳು ನುಂಗಿಕೊಳ್ಳುತ್ತಾನೆ, ಸ್ನಾನ ಮಾಡುತ್ತಾನೆ, ಮಲಗಿ ಏಳುತ್ತಾನೆ, ಕೊನೆಗೆ ಅತ್ತೇಬಿಡುತ್ತಾನೆ. ದುಃಖವನ್ನು ಗೆದ್ದವನೇ ಜ್ಞಾನಿ ಎಂಬ ಹಳೆಯ ಆದರ್ಶ ಇಲ್ಲಿ ಸೋಲುತ್ತದೆ. ಸೋತದ್ದನ್ನು ಅವನು ದೇವರ ಮುಂದೆ ಮುಚ್ಚಿಡುವುದಿಲ್ಲ. ಕೃತಿಯ ನಿಜವಾದ ಎತ್ತರ ಇರುವುದು ಇಲ್ಲಿ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಹಲವು ವರ್ಷ ಜೊತೆಗಿದ್ದು ಮಗನನ್ನು ಹೆತ್ತುಕೊಟ್ಟ ಹೆಣ್ಣು, ತಾಯಿ ಮುತುವರ್ಜಿಯಿಂದ ಗೊತ್ತುಮಾಡಿದ ಮದುವೆಗೆ ಅಡ್ಡಿಯೆಂದು ಆಫ್ರಿಕಕ್ಕೆ ಮರಳಬೇಕಾಯಿತು. ಆ ಅಗಲಿಕೆಯ ನೋವನ್ನು ಆಗಸ್ಟೀನ್ ಬರೆದಿದ್ದಾನೆ. ಅವಳ ಹೆಸರನ್ನು ಬರೆದಿಲ್ಲ. ಮಗ ಅದಿಯೊದಾತಸನಿಗೆ ಹೆಸರಿದೆ. ದೇಹ ಧರಿಸಿದ ವಾಕ್ಯವನ್ನು ಅರಸಿ ಗ್ರೀಕರನ್ನು ದಾಟಿದವನು, ಈ ಒಂದು ಸಂಬಂಧವನ್ನು ಮಾತ್ರ ದೇಹದ ಸಂಕೋಲೆಯೆಂದೇ ಕಂಡ. ಮುಂದೆ ಶತಮಾನಗಳ ಕಾಲ ಧರ್ಮಸಭೆ ಅವನ ಒಳಿತು-ಕೇಡಿನ ವಿವೇಚನೆಯ ಜೊತೆಗೆ ದೇಹದ ಬಗೆಗಿನ ಈ ಅಳುಕನ್ನೂ ಹೊತ್ತುಕೊಂಡಿತು.

ಒಸ್ತಿಯಾದ ಕಿಟಕಿಯ ಬಳಿ ತಾಯಿಗೆ ಎಡೆಯಿತ್ತು. ಹೆಸರಿಲ್ಲದ ಅವಳನ್ನೂ ನೆನೆಯದೆ ಈ ಕೃತಿಯನ್ನು ಮೆಚ್ಚುವುದು ಅರ್ಧ ಓದು ಮಾತ್ರ.