ತನ್ನನ್ನೇ ನೋಡಿಕೊಳ್ಳುತ್ತ ಬೆಳೆಯಲಾದೀತೆ?

ಬಿ.ಎಡ್. ಓದುವವರಿಗೆ, ಟಿಇಟಿಗೆ ತಯಾರಾಗುವವರಿಗೆ, ಎಂಬಿಎ ತರಗತಿಯಲ್ಲಿ ಕೂತವರಿಗೆ ಆ ತ್ರಿಕೋನ ಬಾಯಿಪಾಠವಾಗಿರುತ್ತದೆ. ಬುಡದಲ್ಲಿ ಅನ್ನ, ನೀರು, ನಿದ್ದೆ, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಒಡನಾಟ, ಅದರ ಮೇಲೆ ಮನ್ನಣೆ, ತುತ್ತತುದಿಯಲ್ಲಿ ಆತ್ಮವಿಕಾಸ. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ ಅವರ ಹೆಸರಿನಲ್ಲಿ ಓಡಾಡುವ ಈ ಚಿತ್ರ ಪರೀಕ್ಷೆಯ ಪ್ರಶ್ನೆಗಷ್ಟೇ ಸೀಮಿತವಾಗಿದ್ದರೆ ತೊಂದರೆಯಿರಲಿಲ್ಲ. ವಾರಾಂತ್ಯದ ಶಿಬಿರಗಳು, ಮೊಬೈಲಿನ ಧ್ಯಾನದ ಆ್ಯಪ್‌ಗಳು, ವ್ಯಕ್ತಿತ್ವ ವಿಕಸನದ ಪುಸ್ತಕಗಳು ಇದೇ ಚಿತ್ರವನ್ನು ಒಳಗಿಟ್ಟುಕೊಂಡು ಮಾತಾಡುತ್ತವೆ. ಬದುಕಿನ ಮಿಕ್ಕ ಲೆಕ್ಕವೆಲ್ಲ ಚುಕ್ತಾ ಆದ ಮೇಲೆ ನಿನ್ನನ್ನು ನೀನು ಬೆಳೆಸಿಕೊಳ್ಳುವ ಸರದಿ ಬರುತ್ತದೆ, ಆಗ ನಿನ್ನ ಮೇಲೆಯೇ ಗಮನವಿಡು ಎಂಬುದು ಅವುಗಳ ಉಪದೇಶದ ಸಾರ. ಈ ಉಪದೇಶದ ಎರಡು ಭಾಗವೂ ತಪ್ಪು ಎಂಬುದು ನನ್ನ ವಾದ. ಆತ್ಮವಿಕಾಸಕ್ಕೆ ಸರದಿ ಕಾಯಬೇಕಾಗಿಲ್ಲ. ಅದನ್ನೇ ಗುರಿಯಾಗಿಟ್ಟುಕೊಂಡು ಹೊರಟವರಿಗೆ ಅದು ದಕ್ಕುವುದು ಕಷ್ಟ. ಮನಶ್ಶಾಸ್ತ್ರವನ್ನೂ ಪೂರ್ವದೇಶಗಳ ದರ್ಶನಗಳನ್ನೂ ತುಸು ಎಚ್ಚರದಿಂದ ಓದಿದರೆ ಎರಡೂ ಕಡೆಯಿಂದ ಇದೇ ಮಾತು ಹೊರಡುತ್ತದೆ.

ಮೊದಲು ಮ್ಯಾಸ್ಲೊ ಅವರಿಗೇ ನ್ಯಾಯ ಸಲ್ಲಬೇಕು. 1943ರಲ್ಲಿ ‘ಸೈಕಲಾಜಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಬಂದ ಅವರ ಮೂಲ ಲೇಖನದಲ್ಲಿ ತ್ರಿಕೋನವೇ ಇಲ್ಲ. 1960ರಲ್ಲಿ ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬವರು ವ್ಯಾಪಾರ ನಿರ್ವಹಣೆಯ ನಿಯತಕಾಲಿಕವೊಂದಕ್ಕೆ ಬರೆದ ಲೇಖನದಲ್ಲಿ ಅದು ಕಾಣಿಸಿಕೊಂಡಿತೆಂದು 2019ರಲ್ಲಿ ಮೂವರು ಸಂಶೋಧಕರು ಹುಡುಕಿ ತೋರಿಸಿದರು. ಒಂದು ಅಗತ್ಯ ನೂರಕ್ಕೆ ನೂರು ತೀರಿದ ಮೇಲೆಯೇ ಇನ್ನೊಂದು ತಲೆಯೆತ್ತುತ್ತದೆ ಎಂದು ಯಾರೂ ತಿಳಿಯದಿರಲಿ ಎಂದು ಮ್ಯಾಸ್ಲೊ ಆ ಮೊದಲ ಲೇಖನದಲ್ಲೇ ಒಂದು ಅಂದಾಜು ಕೊಟ್ಟಿದ್ದರು. ಸಾಮಾನ್ಯ ಮನುಷ್ಯನಿಗೆ ದೇಹದ ಅಗತ್ಯಗಳು ಶೇ 85, ಭದ್ರತೆ ಶೇ 70, ಪ್ರೀತಿ ಶೇ 50, ಆತ್ಮಗೌರವ ಶೇ 40, ಆತ್ಮವಿಕಾಸ ಶೇ 10ರಷ್ಟು ಈಡೇರಿರಬಹುದು. ಈ ಅಂಕಿಗಳು ವಿವರಣೆಗಾಗಿ ಮಾತ್ರ ಎಂದೂ ಹೇಳಿದ್ದರು. ಐದೂ ಅಗತ್ಯಗಳು ಒಟ್ಟೊಟ್ಟಿಗೆ, ಅರೆಬರೆಯಾಗಿ ನಡೆಯುತ್ತಿರುತ್ತವೆ ಎಂದಾಯಿತು. ಬಾಡಿಗೆ ಕಟ್ಟಲು ಒದ್ದಾಡುವವಳ ಮನಸ್ಸಿನಲ್ಲೂ ಆ ಶೇ 10 ಇದ್ದೇ ಇರುತ್ತದೆ. ಪಠ್ಯಪುಸ್ತಕಗಳು ತ್ರಿಕೋನವನ್ನು ಉಳಿಸಿಕೊಂಡು ಈ ಅಂಕಿಗಳನ್ನು ಕೈಬಿಟ್ಟಿರುವುದು ಸಣ್ಣ ಲೋಪವೆಂದು ನನಗೆ ಅನ್ನಿಸುವುದಿಲ್ಲ.

ಆತ್ಮವಿಕಾಸದ ಕಲ್ಪನೆಯ ಹುಟ್ಟು ಇನ್ನೂ ಹೆಚ್ಚು ಹೇಳುತ್ತದೆ. ಮ್ಯಾಸ್ಲೊ ಅದನ್ನು ಪಡೆದದ್ದು ಜರ್ಮನಿಯ ನರರೋಗ ತಜ್ಞ ಕರ್ಟ್ ಗೋಲ್ಡ್‌ಸ್ಟೈನ್ ಅವರಿಂದ. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು, ಸಿಡಿಗುಂಡಿನ ಚೂರು ಹೊಕ್ಕು ಮಿದುಳಿಗೆ ಪೆಟ್ಟುಬಿದ್ದ ಸೈನಿಕರನ್ನು ಗೋಲ್ಡ್‌ಸ್ಟೈನ್ ಫ್ರಾಂಕ್‌ಫರ್ಟ್‌ನಲ್ಲಿ ವರ್ಷಗಟ್ಟಲೆ ನೋಡಿಕೊಂಡರು. ಮಾತು, ನೆನಪು, ಗುರುತು ಹಿಡಿಯುವ ಶಕ್ತಿಗಳಲ್ಲಿ ಒಂದಲ್ಲ ಒಂದನ್ನು ಕಳೆದುಕೊಂಡ ಮನುಷ್ಯ, ಉಳಿದಿರುವಷ್ಟು ಶಕ್ತಿಯನ್ನು ಹೊಸದಾಗಿ ಜೋಡಿಸಿಕೊಂಡು ಸುತ್ತಲಿನ ಲೋಕದ ಜೊತೆ ವ್ಯವಹರಿಸಲು ಹವಣಿಸುತ್ತಾನೆ. ತನ್ನ ಸಾಮರ್ಥ್ಯಗಳನ್ನು ಕಾರ್ಯರೂಪಕ್ಕೆ ತರಬೇಕೆಂಬ ಈ ಹವಣಿಕೆ ಜೀವಿಯ ಮೂಲ ಪ್ರೇರಣೆ ಎಂದು ಅವರು 1934ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಎಲ್ಲ ಇದ್ದವರ ಕಡೆಯ ಆಸೆಯೆಂದು ನಾವು ಇಂದು ತಿಳಿದಿರುವುದು ಮೊದಲು ಕಣ್ಣಿಗೆ ಬಿದ್ದದ್ದು ಬಹಳಷ್ಟನ್ನು ಕಳೆದುಕೊಂಡವರಲ್ಲಿ. ಅವರ ಗಮನವಿದ್ದದ್ದಾದರೂ ಎದುರಿಗಿರುವ ವಸ್ತುವಿನ ಮೇಲೆ, ಮಾಡಬೇಕಾದ ಕೆಲಸದ ಮೇಲೆ.

ಮ್ಯಾಸ್ಲೊ ಆತ್ಮವಿಕಾಸ ಹೊಂದಿದವರೆಂದು ಆರಿಸಿಕೊಂಡವರಲ್ಲಿ ಲಿಂಕನ್, ಐನ್‌ಸ್ಟೈನ್, ಎಲಿನಾರ್ ರೂಸ್‌ವೆಲ್ಟ್, ಷಿಕಾಗೋದ ವಲಸಿಗರ ನಡುವೆ ಹಲ್ ಹೌಸ್ ನಡೆಸಿದ ಜೇನ್ ಆಡಮ್ಸ್, ಮಸೂರ ಉಜ್ಜಿ ಜೀವನ ಸಾಗಿಸಿದ ಸ್ಪಿನೋಜಾ ಇದ್ದರು. ಮೆಚ್ಚಿದವರನ್ನು ಆರಿಸಿ, ಅವರಲ್ಲಿ ಮೆಚ್ಚಿದ ಗುಣಗಳನ್ನೇ ಪಟ್ಟಿಮಾಡಿದರೆ ಅದು ವಿಜ್ಞಾನವಾಗುವುದಿಲ್ಲ ಎಂಬ ಟೀಕೆ ಸರಿಯಾದದ್ದೇ. ಆದರೆ ಇವರೆಲ್ಲರೂ ತಮ್ಮಿಂದ ಹೊರಗಿನ ಯಾವುದೋ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡವರು ಎಂದು ಮ್ಯಾಸ್ಲೊ ಕಂಡುಕೊಂಡದ್ದನ್ನು ಆ ಟೀಕೆಯ ಜೊತೆ ಎಸೆಯಬಾರದು. ನಾಜಿ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕ್ಲ್ ಇದನ್ನೇ ಖಚಿತವಾಗಿ ಹೇಳಿದರು. ಅವರ ಪ್ರಕಾರ ತನ್ನಾಚೆಯ ಒಂದು ಅರ್ಥಕ್ಕೆ, ಒಬ್ಬ ಮನುಷ್ಯನಿಗೆ ತನ್ನನ್ನು ಒಪ್ಪಿಸಿಕೊಂಡಾಗ ಆತ್ಮವಿಕಾಸ ತಾನಾಗಿ ಒದಗುತ್ತದೆ. ಅದನ್ನೇ ಬೆನ್ನಟ್ಟಿದರೆ ತಪ್ಪಿಹೋಗುತ್ತದೆ. 1966ರಲ್ಲಿ ಫ್ರಾಂಕ್ಲ್ ಪ್ರಬಂಧಕ್ಕೆ ಪ್ರತಿಕ್ರಿಯೆ ಬರೆದ ಮ್ಯಾಸ್ಲೊ ಈ ಮಾತನ್ನು ಒಪ್ಪಿಕೊಂಡರು. 1970ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವರು ತನ್ನನ್ನು ಮೀರುವುದರ ಬಗ್ಗೆ ಬರೆದರು.

ಆಮೇಲೆ ಸಿಕ್ಕ ಸಾಕ್ಷ್ಯವೂ ಅದೇ ಕಡೆ ವಾಲುತ್ತದೆ. 123 ದೇಶಗಳ 60 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಲೂಯಿಸ್ ಟೇ ಮತ್ತು ಎಡ್ ಡೀನರ್ 2011ರಲ್ಲಿ ಪರಿಶೀಲಿಸಿದಾಗ ಮ್ಯಾಸ್ಲೊ ಹೆಸರಿಸಿದಂಥ ಅಗತ್ಯಗಳು ಎಲ್ಲೆಡೆಯೂ ಮುಖ್ಯವೆಂದು ಕಂಡಿತು, ಆದರೆ ಒಂದು ತೀರದೆ ಇನ್ನೊಂದರಿಂದ ಸುಖವಿಲ್ಲ ಎಂಬ ಕ್ರಮ ಗಟ್ಟಿಯಾಗಿ ನಿಲ್ಲಲಿಲ್ಲ. ಅದೇ ವರ್ಷ ಐರಿಸ್ ಮಾಸ್ ಮತ್ತು ಸಂಗಡಿಗರ ಪ್ರಯೋಗವೊಂದರಲ್ಲಿ ಒಂದು ಗುಂಪಿಗೆ ಸಂತೋಷ ಬಾಳಿನಲ್ಲಿ ಎಷ್ಟು ಮಹತ್ವದ್ದೆಂದು ಹೇಳುವ ಬರಹ ಓದಿಸಿದರು, ಇನ್ನೊಂದಕ್ಕೆ ಸಂಬಂಧವಿಲ್ಲದ ಬರಹ. ಬಳಿಕ ಖುಷಿ ಕೊಡುವ ಸಿನಿಮಾ ತುಣುಕು ತೋರಿಸಿದಾಗ ಸಂತೋಷದ ಮಹಿಮೆ ಓದಿದವರಿಗೇ ಕಡಿಮೆ ಖುಷಿಯಾಯಿತು. ಇಷ್ಟು ಸಾಕೇ, ಇನ್ನೂ ಹೆಚ್ಚು ಆಗಬೇಕಿತ್ತಲ್ಲ ಎಂದು ಅಳೆಯುತ್ತ ಕೂತವರಿಗೆ ಬಂದ ಖುಷಿಯೂ ಕೈಜಾರಿತು. ಇದು ಸಂತೋಷದ ಬಗೆಗಿನ ಪ್ರಯೋಗ, ಆತ್ಮವಿಕಾಸದ್ದಲ್ಲ ಎಂಬುದು ನಿಜ. ಆದರೂ ತನ್ನ ಒಳಗನ್ನು ತಾನೇ ಅಳೆಯುವ ಅಭ್ಯಾಸ ಏನು ಮಾಡುತ್ತದೆ ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷ್ಯ ವಿರಳ.

ಹಾಗಾದರೆ ಪೂರ್ವಕ್ಕೆ ತಿರುಗೋಣ, ಅಹಂಕಾರ ಕರಗಿಸುವ ವಿದ್ಯೆ ನಮ್ಮಲ್ಲೇ ಇದೆಯಲ್ಲ ಎನ್ನುವವರು ಇದ್ದಾರೆ. ವಿಷಯ ಅಷ್ಟು ಸಲೀಸಾಗಿಲ್ಲ. 2018ರಲ್ಲಿ ಯೋಹೆನ್ ಗೆಬಾವರ್ ಮತ್ತು ಸಹೋದ್ಯೋಗಿಗಳು 93 ಯೋಗ ವಿದ್ಯಾರ್ಥಿಗಳನ್ನು 15 ವಾರ ಗಮನಿಸಿದರು. ಯೋಗ ಮಾಡಿದ ಹೊತ್ತಿನಲ್ಲಿ ಅವರ ಸ್ವಪ್ರಶಂಸೆ ಇಳಿಯುವ ಬದಲು ಏರಿತ್ತು. ತಾನು ಸರಾಸರಿಗಿಂತ ಮೇಲು ಎಂಬ ಭಾವ ಬಲವಾಗಿತ್ತು. 2021ರಲ್ಲಿ ಬಫಲೋ ವಿಶ್ವವಿದ್ಯಾಲಯದ ಮೈಕಲ್ ಪೂಲಿನ್ ಅವರ ತಂಡ ಕೆಲವರಿಗೆ ಸಾವಧಾನದ ಧ್ಯಾನ ಮಾಡಿಸಿ, ದತ್ತಿ ಕಾರ್ಯಕ್ಕಾಗಿ ಲಕೋಟೆ ತುಂಬಿಕೊಡುತ್ತೀರಾ ಎಂದು ಕೇಳಿತು. ತಮ್ಮನ್ನು ಇತರರೊಡನೆ ಬೆಸೆದುಕೊಂಡಂತೆ ಕಾಣುವವರು ಧ್ಯಾನದ ನಂತರ ಹೆಚ್ಚು ಲಕೋಟೆ ತುಂಬಿದರು. ತಾನು ಬೇರೆ, ತನ್ನ ಬಾಳು ಬೇರೆ ಎಂದು ಕಾಣುವವರು ಕಡಿಮೆ ತುಂಬಿದರು. ಉಸಿರು ಒಂದೇ, ಸೂಚನೆಗಳು ಒಂದೇ. ಫಲ ಮಾತ್ರ ಎದುರುಬದುರು. ಅಭ್ಯಾಸವನ್ನು ಅದರ ದರ್ಶನದಿಂದ ಕಿತ್ತು ತಂದರೆ, ಅದು ಬಂದು ಸೇರಿದ ಮನಸ್ಸಿನಲ್ಲಿ ಮೊದಲೇ ಯಾವ ‘ನಾನು’ ಕೂತಿದೆಯೋ ಅದನ್ನೇ ಪೋಷಿಸುತ್ತದೆ ಎಂದು ನಾನು ಈ ಫಲಿತಾಂಶವನ್ನು ಓದುತ್ತೇನೆ.

ಪೂರ್ವದ ತಿಳಿವಳಿಕೆ ಚಿಕಿತ್ಸೆಯ ರೂಪ ತಾಳಿದ್ದನ್ನು ನೋಡಬೇಕಾದರೆ ಜಪಾನಿನ ಮನೋವೈದ್ಯ ಶೋಮಾ ಮೊರಿತಾ (1874–1938) ಅವರ ಪದ್ಧತಿಯನ್ನು ನೋಡಬೇಕು. 1919ರ ಸುಮಾರಿಗೆ ಅವರು ರೂಪಿಸಿದ ಚಿಕಿತ್ಸೆ, ಜನರೆದುರು ಮುಖ ಕೆಂಪಾಗುವ ಭಯ, ಎದೆಬಡಿತದ ಭಯ, ತನ್ನ ಮೈಮನಸ್ಸುಗಳ ಮೇಲೆ ಸದಾ ಕಾವಲು ಕಾಯುವ ಚಿಂತೆ ಇರುವವರಿಗಾಗಿ. ಮೊದಲ ಕೆಲವು ದಿನ ಹಾಸಿಗೆಯಲ್ಲಿ ಒಂಟಿಯಾಗಿ ಮಲಗಬೇಕು. ಓದು, ಮಾತು, ಭೇಟಿ ಯಾವುದೂ ಇಲ್ಲ. ಚಿಂತೆ ಬಂದರೆ ಬರಲಿ, ಹೋಗಲಾಡಿಸುವ ಪ್ರಯತ್ನ ಬೇಡ. ಮಲಗಿ ಮಲಗಿ ಬೇಸರ ಹತ್ತಿ, ಎದ್ದು ಏನಾದರೂ ಮಾಡೋಣ ಎಂದು ಕೈ ತವಕಿಸತೊಡಗಿದಾಗ ಎರಡನೆಯ ಹಂತ: ಅಂಗಳದ ಎಲೆ ಗುಡಿಸುವಂಥ ಹಗುರ ಕೆಲಸ, ಜೊತೆಗೆ ದಿನಚರಿ ಬರೆಯುವುದು. ಮೂರನೆಯದರಲ್ಲಿ ಸೌದೆ ಒಡೆಯುವುದು, ತೋಟದ ಕೆಲಸದಂಥ ಭಾರದ ದುಡಿಮೆ. ಕೊನೆಗೆ ಮನೆಗೆ, ಉದ್ಯೋಗಕ್ಕೆ. ವೈದ್ಯರು ದಿನಚರಿ ಓದಿ ಟಿಪ್ಪಣಿ ಬರೆಯುತ್ತಿದ್ದರು, ಭಯ ಎಷ್ಟಿತ್ತು ಎಂಬ ದೂರಿಗೆ ಕಿವಿಗೊಡದೆ ಏನು ಮಾಡಿದೆ ಎಂಬುದರತ್ತ ರೋಗಿಯನ್ನು ತಿರುಗಿಸುತ್ತಿದ್ದರು. ಭಯ ಇದ್ದಂತೆಯೇ ಇರಲಿ, ಕಸಬರಿಕೆ ಕೈಯಲ್ಲಿರಲಿ. ಝೆನ್ ಪರಂಪರೆಯ ಮಾತುಗಳು ಮೊರಿತಾ ಅವರ ಬರಹದಲ್ಲಿ ಬಂದರೂ ಇದು ಧಾರ್ಮಿಕ ಸಾಧನೆಯಾಗಿರಲಿಲ್ಲ. ಈ ಚಿಕಿತ್ಸೆಯ ಪರಿಣಾಮವನ್ನು ಪರಿಶೀಲಿಸಿದ 2015ರ ಕಾಕ್ರೇನ್ ಸಮೀಕ್ಷೆ, ಸಿಕ್ಕ ಪುರಾವೆ ತೀರ ದುರ್ಬಲವೆಂದಿತು. ಹಾಗಾಗಿ ಇದು ಗುಣಪಡಿಸುತ್ತದೆಂದು ಸಾರಲು ನಾನು ಹೊರಟಿಲ್ಲ. ಗಮನ ತನ್ನ ಕಡೆಗೇ ತಿರುಗಿ ಹೇಗೆ ಗಂಟುಬೀಳುತ್ತದೆ, ಅದು ಬಿಚ್ಚಿಕೊಳ್ಳುವ ದಾರಿ ಯಾವುದು ಎಂಬುದನ್ನು ಇಷ್ಟು ನಿಚ್ಚಳವಾಗಿ ಕಂಡವರು ಕಡಿಮೆ ಎನ್ನುವುದಷ್ಟೇ ನನ್ನ ಮಾತು.

ಕನ್ನಡದವರಿಗೆ ಇದು ಅಪರಿಚಿತ ವಿಚಾರವಾಗಬಾರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿ ಆಯುವುದು. ಒಮ್ಮೆ ಆತ ಅನುಭಾವದ ಚರ್ಚೆಯಲ್ಲಿ ಮೈಮರೆತು ಕೂತಾಗ ಹೆಂಡತಿ ಲಕ್ಕಮ್ಮ ಬಂದು ಕಾಯಕ ನಿಂತಿದೆ ಎಂದು ಎಬ್ಬಿಸಿದಳೆಂದೂ, ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳೆಂದೂ ಪರಂಪರೆ ಹೇಳುತ್ತದೆ. ಅಧ್ಯಾತ್ಮದ ಮಾತೇ ಕೆಲಸದಿಂದ ಜಾರಿಕೊಳ್ಳುವ ನೆಪವಾಗಬಲ್ಲದು ಎಂಬುದನ್ನು ಆ ಹೆಂಗಸು ಕಂಡಿದ್ದಳು. ಗೀತೆಯ ನಿಷ್ಕಾಮ ಕರ್ಮದ ವಿಚಾರವೂ ಇಲ್ಲಿಗೆ ಸಲ್ಲುತ್ತದೆ; ಅದು ಎಷ್ಟೋ ಸಲ ಚರ್ಚೆಯಾಗಿರುವುದರಿಂದ ಹಿಗ್ಗಿಸುವುದಿಲ್ಲ.

ನನ್ನ ವಾದಕ್ಕೆ ಬರುವ ತೂಕದ ಆಕ್ಷೇಪವೊಂದಕ್ಕೆ ಮೈಸೂರಿನ ನಂಟಿದೆ. ಕಲ್ಕತ್ತೆಯ ಇಂಡಿಯನ್ ಸೈನ್ಸ್ ಕಾಂಗ್ರೆಸ್ಸಿನ ಬೆಳ್ಳಿಹಬ್ಬದ ಸಂದರ್ಭದಲ್ಲಿ 1937–38ರಲ್ಲಿ ಭಾರತಕ್ಕೆ ಬಂದಿದ್ದ ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಮೈಸೂರು ಮಹಾರಾಜರ ಅತಿಥಿಯಾಗಿದ್ದರು. ಮಹಾರಾಜರಿಗೆ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ದೀರ್ಘವಾಗಿ ಚರ್ಚಿಸಿದರು. ‘ನಾನು’ ಪೂರ್ತಿ ಕರಗಿಹೋದರೆ ಆ ಸ್ಥಿತಿಯನ್ನು ಅರಿಯುವವರು ಯಾರು ಎಂಬ ಪ್ರಶ್ನೆಯನ್ನು ಯೂಂಗ್ ತಮ್ಮ ಬರಹಗಳಲ್ಲಿ ಪೂರ್ವದ ದರ್ಶನಗಳ ಮುಂದೆ ಇಟ್ಟರು. ಗಟ್ಟಿ ‘ನಾನು’ ಇಲ್ಲದವನು ತನ್ನ ಅಂತರಾಳದೊಡನೆ ಸೆಣಸಲಾರ ಎಂಬುದು ಅವರ ನಿಲುವು. ಈ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ನನ್ನ ವಾದಕ್ಕೆ ‘ನಾನು’ ಕರಗಬೇಕಾದ ಅಗತ್ಯವೇ ಇಲ್ಲ. ಎಲೆ ಗುಡಿಸುವ ಮೊರಿತಾರ ರೋಗಿಗೆ ತನ್ನ ಹೆಸರೂ ಗೊತ್ತು, ತನ್ನ ಭಯವೂ ಗೊತ್ತು. ಅವನ ಗಮನದ ದಿಕ್ಕು ಮಾತ್ರ ಬದಲಾಗಿದೆ. ಅಯ್ಯರ್ ಅವರಾದರೂ ಸಮಾಧಿಯ ಅನುಭವಕ್ಕಿಂತ ಯುಕ್ತಿಯಿಂದ ನಡೆಸುವ ವಿಚಾರಕ್ಕೆ, ಎಚ್ಚರ, ಕನಸು, ನಿದ್ದೆ ಮೂರನ್ನೂ ಒರೆಗೆ ಹಚ್ಚುವುದಕ್ಕೆ ಒತ್ತು ಕೊಟ್ಟ ವೇದಾಂತಿ. ಬುದ್ಧಿಯನ್ನು ಒತ್ತೆಯಿಡುವುದು ಅವರ ದಾರಿಯಾಗಿರಲಿಲ್ಲ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ತನ್ನನ್ನು ಮರೆ, ಕೆಲಸ ಮಾಡು ಎಂಬುದನ್ನು ನಮ್ಮ ಸಮಾಜ ಹೆಂಗಸರಿಗೆ, ದಲಿತರಿಗೆ ಶತಮಾನಗಳಿಂದ ಹೇಳುತ್ತಲೇ ಬಂದಿದೆ; ‘ನಾನು’ ಎನ್ನಲು ಅವಕಾಶವೇ ಸಿಗದವರಿಗೆ ಇದು ಹಳೆಯ ನೊಗವನ್ನೇ ಮತ್ತೆ ಹೇರಿದಂತಲ್ಲವೇ? ಹಾಗೆ ಬಳಸಿದರೆ ಖಂಡಿತ ಹೌದು. ಗಮನವನ್ನು ತನ್ನಿಂದಾಚೆಗೆ ಹರಿಸುವುದು ಬೇರೆ, ತನ್ನನ್ನು ಇನ್ನೊಬ್ಬರ ಅನುಕೂಲಕ್ಕೆ ಬಿಟ್ಟುಕೊಡುವುದು ಬೇರೆ. ಗಂಡನಿಗೆ ಬುದ್ಧಿ ಹೇಳಿ ಅಕ್ಕಿ ಹಿಂತಿರುಗಿಸಲು ಕಳಿಸಿದ ಲಕ್ಕಮ್ಮ ಯಾರ ನೆರಳೂ ಆಗಿರಲಿಲ್ಲ. ಯಾವುದು ಸಾಕು, ಯಾವುದು ಸರಿ ಎಂಬ ತೀರ್ಮಾನ ಅವಳದೇ ಆಗಿತ್ತು. ಸ್ವಾಭಿಮಾನವನ್ನು ಹೋರಾಟದ ಕೇಂದ್ರದಲ್ಲಿಟ್ಟ ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಸ್ವೀಕರಿಸಿದ ಧಮ್ಮ, ನಿತ್ಯವಾದ ಆತ್ಮವೆಂಬುದೇ ಇಲ್ಲ ಎನ್ನುತ್ತದೆ. ತಲೆಯೆತ್ತಿ ನಿಲ್ಲುವ ಹಕ್ಕಿಗೂ ‘ನಾನು’ ಎಂಬುದನ್ನು ಬಿಗಿಹಿಡಿಯದಿರುವುದಕ್ಕೂ ವಿರೋಧವಿದೆ ಎಂದು ಅವರಿಗೆ ತೋರಲಿಲ್ಲ. ದುಡಿಮೆಯ ಫಲವನ್ನು ಇನ್ನೊಬ್ಬರು ಕಸಿದುಕೊಳ್ಳುತ್ತಿರುವಾಗ ನಿಷ್ಕಾಮದ ಪಾಠ ಹೇಳುವವರನ್ನು ಅನುಮಾನದಿಂದಲೇ ನೋಡಬೇಕು.

ಕಡೆಗೊಂದು ಎಲ್ಲೆಯನ್ನು ಗುರುತಿಸಬೇಕು. ಖಿನ್ನತೆಯಲ್ಲಿ ಮುಳುಗಿದವರು ತಮ್ಮ ಬಗ್ಗೆಯೇ ಯೋಚಿಸುತ್ತ ಕೂರುವುದು ಅವರ ಆಯ್ಕೆಯಲ್ಲ, ಕಾಯಿಲೆಯ ಲಕ್ಷಣ. ಅವರಿಗೆ ‘ಏನಾದರೂ ಕೆಲಸ ಹಚ್ಚಿಕೋ, ಸರಿಹೋಗುತ್ತದೆ’ ಎನ್ನುವುದು ಕ್ರೌರ್ಯ. ಏಳಲಾಗದಿರುವುದೇ ಅವರ ಕಷ್ಟ. ಮೊರಿತಾ ಕೂಡ ಒಂದು ಬಗೆಯ ಸ್ವಭಾವದವರಿಗೆಂದು ತಮ್ಮ ಚಿಕಿತ್ಸೆ ರೂಪಿಸಿದ್ದರು, ಬಂದವರಿಗೆಲ್ಲ ಕಸಬರಿಕೆ ಕೊಡಲಿಲ್ಲ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ರುಚಿಯಿಲ್ಲದೆ, ಸಾವಿನ ಯೋಚನೆ ಸುಳಿಯುತ್ತಿದ್ದರೆ ಈ ಅಂಕಣದ ಚರ್ಚೆಯನ್ನೂ ಧ್ಯಾನ ಶಿಬಿರದ ಜಾಹೀರಾತನ್ನೂ ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲಾಗಲಿ ರಾತ್ರಿಯಾಗಲಿ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.